ಪಿಕ್ಚರ್ ಬಿಟ್ಟ ಮೇಲೆ

ಈಗಿನ ಟೀವಿಯಲ್ಲಿ ಸಿನಿಮಾ ನೋಡುವಾಗ ನನಗೆ ಸಿಟ್ಟು ಬರುವುದು ಸಿನಿಮಾ ಮುಗಿದ ಗಳಿಗೆಯಲ್ಲಿ. ಕೊನೆಯ ದೃಶ್ಯ ಹೋಗಿ ಹೆಸರುಗಳು ಆಗಷ್ಟೇ ಮೇಲೇಳುತ್ತಿರುತ್ತವೆ. ಅಷ್ಟರಲ್ಲೇ ಅವೆಲ್ಲ ಕುಗ್ಗಿ ತೆರೆಯ ಒಂದು ಮೂಲೆ ಸೇರುತ್ತವೆ. ಮುಂದಿನ ಸಿನಿಮಾ ಇನ್ನು ಐದು ಸೆಕೆಂಡಿಗೆ ಶುರು, ನಾಲ್ಕು, ಮೂರು... ಅಳುತ್ತಿದ್ದವರು ಕಣ್ಣೊರೆಸಿಕೊಳ್ಳುವಷ್ಟು ಹೊತ್ತೂ ಇಲ್ಲ. ನಾನು ರಿಮೋಟಿಗೆ ತಡಕಾಡಿ ಅದನ್ನು ನಿಲ್ಲಿಸಿಬಿಡುತ್ತೇನೆ. ಪಕ್ಕದಲ್ಲಿ ಕೂತು ನೋಡಿದವರು ನಾಲ್ಕು ಮಾತಾಡುವ ತನಕ ನನ್ನ ಪಾಲಿಗೆ ಸಿನಿಮಾ ಮುಗಿದಂತಲ್ಲ.

ಈ ಅಭ್ಯಾಸ ರಾಯದುರ್ಗದ್ದು. ನಾನು ಹುಡುಗನಾಗಿದ್ದಾಗ ಊರಲ್ಲಿ ಸೆಕೆಂಡ್ ಶೋ ಬಿಡುವ ಹೊತ್ತಿಗೆ ಬೇರೆಲ್ಲ ಬಾಗಿಲು ಹಾಕಿರುತ್ತಿದ್ದವು. ಟಾಕೀಸಿನ ಎದುರಿನ ಟೀ ಅಂಗಡಿ ಮಾತ್ರ ತೆರೆದಿರುತ್ತಿತ್ತು. ಸೈಕಲ್ ಸ್ಟ್ಯಾಂಡಿನಲ್ಲಿ ಸೈಕಲ್ಲು ಬಿಡಿಸಿಕೊಳ್ಳುವ ಗದ್ದಲ, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ಅಪ್ಪಂದಿರು, ಹಿಂದೆ ಕತ್ತಲಲ್ಲಿ ಕೋಟೆಯ ಬೆಟ್ಟ. ಅಲ್ಲಿ ಅರ್ಧ ಗಂಟೆ ಪಿಕ್ಚರಿನ ಪಂಚಾಯ್ತಿ ನಡೆಯಬೇಕು, ಆಮೇಲೆ ಮನೆ ಕಡೆ ಕಾಲು. ಒಳಗೆ ನೋಡಿದ್ದು ತೆಲುಗು ಪಿಕ್ಚರು, ಹೊರಗೆ ಬಂದು ಆಡುತ್ತಿದ್ದ ಮಾತೆಲ್ಲ ಕನ್ನಡ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಆಂಧ್ರ ರಾಜ್ಯವಾದಾಗ ಆದೋನಿ, ಆಲೂರುಗಳ ಜೊತೆ ನಮ್ಮ ತಾಲ್ಲೂಕು ಆ ಕಡೆ ಹೋಯಿತು. ಮನೆಮಾತು ಎಲ್ಲಿತ್ತೋ ಅಲ್ಲೇ ಉಳಿಯಿತು. ಎನ್‌ಟಿಆರ್ ತೆರೆಯ ಮೇಲೆ ತೆಲುಗಿನಲ್ಲಿ ಗುಡುಗಿದ್ದಕ್ಕೆ ನಮ್ಮ ದೊಡ್ಡಮಾವ ಕನ್ನಡದಲ್ಲೇ ಜವಾಬು ಕೊಡುತ್ತಿದ್ದರು.

ದೊಡ್ಡಮಾವ ಮಗ್ಗದವರು. ದಿನವೆಲ್ಲ ಕುಣಿಯಲ್ಲಿ ಕಾಲಿಟ್ಟು ಕೂತು ನೇಯ್ದು, ಕೂಲಿ ಬಂದ ದಿನ ರಾತ್ರಿ ಪಿಕ್ಚರಿಗೆ ಹೊರಡುತ್ತಿದ್ದರು. ಅವರ ಅಭಿಪ್ರಾಯಕ್ಕೆ ಟೀ ಅಂಗಡಿಯಲ್ಲಿ ಬೆಲೆಯಿತ್ತು. ಕಥೆ ಚೆನ್ನಾಗಿದೆ, ಫೈಟು ಚೆನ್ನಾಗಿದೆ ಎಂಬಷ್ಟಕ್ಕೆ ಅವರು ನಿಲ್ಲುತ್ತಿರಲಿಲ್ಲ. ಹೀರೋ ಏನು ಕೆಲಸ ಮಾಡುತ್ತಾನೆ, ಅವನ ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಅವ್ವನಿಗೆ ಕಾಯಿಲೆಯಾದಾಗ ದುಡ್ಡು ಎಲ್ಲಿಂದ ಬಂತು, ಇದೆಲ್ಲ ಅವರಿಗೆ ತಿಳಿಯಬೇಕು. ಆಗ ನನಗೆ ಈ ಪ್ರಶ್ನೆಗಳು ಬೇಜಾರು ತರಿಸುತ್ತಿದ್ದವು. ಸಂಗೀತಗಾರರ ಬಗೆಗಿನ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತ ಬಂದ ಹಾಗೆ, ಮಾವ ಕೇಳುತ್ತಿದ್ದುದೇ ಸರಿಯಾದ ಪ್ರಶ್ನೆ ಅನ್ನಿಸತೊಡಗಿತು.

1980ರ ಫೆಬ್ರವರಿಯಲ್ಲಿ ‘ಶಂಕರಾಭರಣಂ’ ಬಿಡುಗಡೆಯಾಯಿತು. ನಮ್ಮೂರಿಗೆ ಅದರ ರೀಲಿನ ಡಬ್ಬಿ ಬಂದದ್ದು ತಡವಾಗಿ. ದೊಡ್ಡ ಹೀರೋ ಇಲ್ಲ. ಜೆ.ವಿ. ಸೋಮಯಾಜುಲು ಡೆಪ್ಯುಟಿ ಕಲೆಕ್ಟರ್ ಆಗಿದ್ದವರು, ನಾಟಕದಿಂದ ಬಂದವರು, ಪಾತ್ರವೋ ಶಾಸ್ತ್ರಿಗಳೆಂಬ ವಯಸ್ಸಾದ ಸಂಗೀತ ವಿದ್ವಾಂಸನದು. ಏಡಿದ ನಾಗೇಶ್ವರರಾವ್ ಸಣ್ಣ ಬಂಡವಾಳದಲ್ಲಿ ತೆಗೆಸಿದ, ಕೆ. ವಿಶ್ವನಾಥ್ ನಿರ್ದೇಶಿಸಿದ ಈ ಸಿನಿಮಾಕ್ಕೆ ಮೊದಲ ದಿನಗಳಲ್ಲಿ ಜನವೇ ಇರಲಿಲ್ಲವಂತೆ. ಆಮೇಲೆ ಬಾಯಿಂದ ಬಾಯಿಗೆ ಮಾತು ಹಬ್ಬಿ ಟಾಕೀಸು ತುಂಬತೊಡಗಿದವು. ಬೆಂಗಳೂರಿನಲ್ಲಿ, ಮದ್ರಾಸಿನಲ್ಲಿ, ಕೇರಳದಲ್ಲಿ ಕೂಡ ಜನ ಅದನ್ನು ತೆಲುಗಿನಲ್ಲೇ ಕೂತು ನೋಡಿದರು. ಆ ಬಾಯಿಮಾತು ಹೇಗೆ ಹಬ್ಬಿತು ಎಂದು ನಾನು ಟೀ ಅಂಗಡಿಯಲ್ಲೇ ಕಂಡೆ. ಮೊದಲ ದಿನ ‘ಮುದುಕನ ಪಿಕ್ಚರು, ಬರೀ ಹಾಡು’ ಅಂದವರಿದ್ದರು. ಮಾರನೇ ದಿನ ಅವರೇ ಹೆಂಡತಿಯನ್ನು, ಅತ್ತೆಯನ್ನು ಕರೆದುಕೊಂಡು ಬಂದಿದ್ದರು. ರಾಗದ ಹೆಸರು ಗೊತ್ತಿಲ್ಲದವರು ಕಣ್ಣು ಕೆಂಪಗೆ ಮಾಡಿಕೊಂಡು ಹೊರಬರುತ್ತಿದ್ದರು. ರಾತ್ರಿ ಗಿಟಾರು ಹಿಡಿದು ಗಲಾಟೆ ಮಾಡುವ ಹುಡುಗರ ಧಾಟಿಯನ್ನೇ ಶಾಸ್ತ್ರಿಗಳು ಸ್ವರ ಹಾಕಿ ಹಾಡಿ ತೋರಿಸುತ್ತಾರಲ್ಲ, ಅಲ್ಲಿಗೆ ಬಂದಾಗ ನೆಲದ ಕ್ಲಾಸಿನಿಂದ ಬಂದ ಶಿಳ್ಳೆ ಯಾವ ಫೈಟಿಗೂ ಬಂದಿರಲಿಲ್ಲ.

ದೊಡ್ಡಮಾವ ಟೀ ಕುಡಿದು ಲೋಟ ಕೆಳಗಿಟ್ಟು ಹೇಳಿದ್ದು ಇದು: “ಶಾಸ್ತ್ರಿ ಬಿಡಪ್ಪ, ಆಯಪ್ಪನ ಹಾಡು ದೊಡ್ಡದು. ಆ ವಕೀಲ ಅದಾನಲ್ಲ, ಅವನು ಅದಕ್ಕಿಂತ ದೊಡ್ಡೋನು.” ವಕೀಲ ಎಂದರೆ ಶಾಸ್ತ್ರಿಗಳ ಗೆಳೆಯ ಮಾಧವಯ್ಯ. ಅಲ್ಲು ರಾಮಲಿಂಗಯ್ಯ ಮಾಡಿದ ಪಾತ್ರ. ಕಛೇರಿಗಳು ನಿಂತು ಹೋಗಿ, ಊರು ಬೆನ್ನು ತಿರುಗಿಸಿ, ಮನೆಗೆ ಬಡತನ ಬಂದಾಗಲೂ ಹತ್ತಿರವೇ ಇರುವವನು. ನಗಿಸುವುದಕ್ಕೆ ಇಟ್ಟ ಪಾತ್ರ ಎಂದು ಎಲ್ಲರೂ ನಕ್ಕು ಬಿಟ್ಟಿದ್ದರು. ಮಾವ ಮಾತ್ರ ಆ ಮನೆಯ ಅಕ್ಕಿ ಡಬ್ಬಿಯ ಮೇಲೆ ಕಣ್ಣಿಟ್ಟೇ ಕೂತಿದ್ದರು. ಸಾಲ ಮಾಡಿ ನೂಲು ತಂದು ನೇಯುವ ಮನುಷ್ಯನಿಗೆ, ಕಷ್ಟಕಾಲದಲ್ಲಿ ಜೊತೆ ಬಿಡದವನ ಬೆಲೆ ಗೊತ್ತಿತ್ತು. ಈಗಲೂ ‘ಶಂಕರಾಭರಣಂ’ ಬಂದರೆ ನಾನು ಮಾಧವಯ್ಯನನ್ನೇ ನೋಡುತ್ತೇನೆ. ಸಿನಿಮಾದ ಅರ್ಧ ಭಾರ ಹೊತ್ತವನು ಅವನೇ ಅನ್ನಿಸುತ್ತದೆ.

‘ಹಂಸಗೀತೆ’ಯದು ಬೇರೆ ಕಥೆ. ಅದನ್ನು ನಾವು ನೋಡುವ ಮುಂಚೆ ಅದರ ಬಗ್ಗೆ ಅಭಿಪ್ರಾಯವೇ ಮೊದಲು ಬಂತು. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ 1975ರಲ್ಲಿ ತೆಗೆದ ಸಿನಿಮಾ. ಚಿತ್ರದುರ್ಗದ ಪಾಳೆಯಗಾರರ ಕಾಲದ ಹಾಡುಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅನಂತನಾಗ್ ಆಗಿನ್ನೂ ಎಳೆ ಮುಖದ ಹುಡುಗ. ಅದೇ ಕಾದಂಬರಿಯಿಂದ 1956ರಲ್ಲೇ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದು ಭೀಮಸೇನ ಜೋಶಿ, ಮನ್ನಾ ಡೇ ಅದರಲ್ಲಿ ಹಾಡಿಯೂ ಆಗಿತ್ತು. ನಮ್ಮ ಬೆಟ್ಟ ಹತ್ತಿ ಪಶ್ಚಿಮಕ್ಕೆ ನೋಡಿದರೆ ಕಾಣುವುದು ಮೊಳಕಾಲ್ಮೂರಿನ ಕಡೆಯ ಗುಡ್ಡ, ಅದರಾಚೆ ಚಿತ್ರದುರ್ಗದ ಸೀಮೆ. ಅಷ್ಟು ಹತ್ತಿರದ ಊರಿನ ಹಾಡುಗಾರನ ಸಿನಿಮಾ ನಮ್ಮ ಟಾಕೀಸಿಗೆ ಬರಲಿಲ್ಲ. ನಮ್ಮಲ್ಲಿಗೆ ಡಬ್ಬಿ ಬರುತ್ತಿದ್ದುದು ತೆಲುಗಿನ ದಾರಿಯಲ್ಲಿ.

ಮೊಳಕಾಲ್ಮೂರಿನ ಚಿಕ್ಕಪ್ಪ ದುರ್ಗಕ್ಕೆ ಹೋದಾಗ ಅದನ್ನು ನೋಡಿ, ಹಬ್ಬಕ್ಕೆ ನಮ್ಮ ಮನೆಗೆ ಬಂದವರು ರಾತ್ರಿ ಪಡಸಾಲೆಯಲ್ಲಿ ಕೂತು ಪೂರ್ತಿ ಹೇಳಿದರು. ಹಾಡಲು ಬಾರದ ಚಿಕ್ಕಪ್ಪ, ಹಾಡು ಬಂದ ಕಡೆಯೆಲ್ಲ ಕೈ ಮೇಲೆತ್ತಿ ಸುಮ್ಮನಾಗುತ್ತಿದ್ದರು. ನಾವೂ ಅಷ್ಟು ಹೊತ್ತು ಸುಮ್ಮನಿರುತ್ತಿದ್ದೆವು. ಕೊನೆಗೆ ಹಾಡುಗಾರ ತನ್ನ ನಾಲಗೆಯನ್ನು ತಾನೇ ಕೊಯ್ದುಕೊಳ್ಳುವ ಜಾಗಕ್ಕೆ ಬಂದಾಗ ಅವರ ದನಿ ಕಟ್ಟಿತು. ನಮ್ಮ ಅಜ್ಜಿ ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ಆಮೇಲೆ ಗಂಜಿ ಹೆಂಗ ಕುಡಿದನಪ್ಪ ಆಯಪ್ಪ?”

ಯಾರೂ ನಗಲಿಲ್ಲ. ಚಿಕ್ಕಪ್ಪನ ಹತ್ತಿರ ಉತ್ತರವಿರಲಿಲ್ಲ. ಹಾಡುಗಾರನ ಅಭಿಮಾನ, ಅರಸೊತ್ತಿಗೆ, ಕಲೆ ಎಲ್ಲ ದೊಡ್ಡದಾಗಿ ಪಡಸಾಲೆಯಲ್ಲಿ ನಿಂತಿರುವಾಗ ಅಜ್ಜಿಗೆ ಕಂಡದ್ದು ಮಾರನೇ ದಿನ ಬೆಳಿಗ್ಗೆ ಅವನ ಮುಂದೆ ಇಟ್ಟ ಗಂಜಿಯ ಬಟ್ಟಲು. ಅದನ್ನು ಅವನ ಬಾಯಿಗೆ ಹಾಕಿದವರು ಯಾರು? ಉಪ್ಪು ತಗುಲಿದರೆ ಉರಿಯುತ್ತಿರಲಿಲ್ಲವೇ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ, ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರಗಳನ್ನು ಹಾಕುತ್ತಿದ್ದ ಕಾಲದಲ್ಲಿ, ‘ಹಂಸಗೀತೆ’ಯನ್ನು ಕಣ್ಣಾರೆ ಕಂಡೆ. ಚಿಕ್ಕಪ್ಪ ಕೈ ಎತ್ತಿ ಸುಮ್ಮನಾಗುತ್ತಿದ್ದ ಜಾಗಗಳಲ್ಲಿ ಬಾಲಮುರಳಿಕೃಷ್ಣರ ದನಿ ಇತ್ತು. ಗೋದಾವರಿ ಸೀಮೆಯ ಶಂಕರಗುಪ್ತಂನಲ್ಲಿ ಹುಟ್ಟಿದ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂದದ್ದು ಈ ಕನ್ನಡ ಸಿನಿಮಾದ ಹಾಡಿಗೆ. ‘ಶಂಕರಾಭರಣಂ’ಗೆ ಹಾಡಿ ಅದೇ ಪ್ರಶಸ್ತಿ ಪಡೆದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ಕನ್ನಡದವರು ಮನೆಮಗನ ಹಾಗೆ ಕಂಡರು. ಗಡಿಯಲ್ಲಿ ಹುಟ್ಟಿದ ನನಗೆ ಈ ಹೋಗಿಬರುವಿಕೆ ಬಹಳ ಪ್ರೀತಿಯ ಸಂಗತಿ. ಆದರೆ ಅಂದು ಟೀವಿ ಮುಂದೆ ಕೂತಾಗ ನನ್ನ ಕಣ್ಣು ಹುಡುಕುತ್ತಿದ್ದುದು ಅಜ್ಜಿಯ ಗಂಜಿಯ ಬಟ್ಟಲನ್ನು. ಅಜ್ಜಿ ಆಗ ಇರಲಿಲ್ಲ.

ಅಜ್ಜಿಯ ಹಾಗೆ ಪ್ರಶ್ನೆ ಕೇಳುವವರು ಮಡಕಶಿರಾದ ಕಡೆಯೂ ಒಬ್ಬರಿದ್ದಾರೆ. ಅಮರಾಪುರದಲ್ಲಿ ನಮ್ಮ ಸಣ್ಣತ್ತೆಯ ಮನೆ. ಅನಂತಪುರ ಜಿಲ್ಲೆಯನ್ನು 2022ರಲ್ಲಿ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗಾಗಿ ಅತ್ತೆ, ನಾನು ಈಗ ಬೇರೆ ಬೇರೆ ಜಿಲ್ಲೆಯವರು. ಅತ್ತೆ ಅದಕ್ಕೆ ಸೊಪ್ಪು ಹಾಕಿಲ್ಲ. ಅವರ ಸಂತೆ, ಆಸ್ಪತ್ರೆ, ನೆಂಟಸ್ತಿಕೆ ಎಲ್ಲ ಶಿರಾ, ಹಿರಿಯೂರಿನ ಕಡೆ. ಹತ್ತಿರದಲ್ಲೇ ಹೇಮಾವತಿ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಸಿದ್ಧೇಶ್ವರನ ಶಿವರಾತ್ರಿಯ ಜಾತ್ರೆಗೆ ವಾಲಗದವರು, ತಮಟೆಯವರು ಬರುತ್ತಾರೆ. ಸಣ್ಣತ್ತೆಗೆ ಸಂಗೀತ ಎಂದರೆ ಅದೇ.

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನನ್ನು ಅವರಿಗೆ ಮೊದಲು ಕೇಳಿಸಿದ್ದು ನಾನು, ಕ್ಯಾಸೆಟ್ಟಿನಲ್ಲಿ. 1994ರಲ್ಲಿ ಬಾಲಚಂದರ್ ತೆಗೆದ ತಮಿಳಿನ ‘ಡ್ಯುಯೆಟ್’ ಬಂದಿತ್ತು. ಸ್ಯಾಕ್ಸೋಫೋನ್ ನುಡಿಸುವವನೇ ಅದರ ನಾಯಕ. ತೆರೆಯ ಮೇಲೆ ಪ್ರಭು, ಉಸಿರು ಕದ್ರಿಯವರದು, ಸಂಗೀತ ರೆಹಮಾನ್. ನಮ್ಮ ರಮೇಶ್ ಅರವಿಂದ್ ಇದ್ದರು, ಪ್ರಕಾಶ್ ರೈ ತಮಿಳಿಗೆ ಕಾಲಿಟ್ಟದ್ದೂ ಅದರಲ್ಲೇ. ಕದ್ರಿಯವರ ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತ ಹುಡುಗ, ವರ್ಷಗಟ್ಟಲೆ ಸಾಧನೆ ಮಾಡಿ, ವಾದ್ಯವನ್ನೇ ತಿದ್ದಿಸಿಕೊಂಡು, ಗಮಕಕ್ಕೆ ಬಗ್ಗದ ಹಿತ್ತಾಳೆಯನ್ನು ಬಗ್ಗಿಸಿದ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ ಜೊತೆಗೆ ನುಡಿಸಿದರು. ಜಾಝ್ ಎಂಬುದು ನನ್ನ ಕಿವಿಗೆ ಬಿದ್ದದ್ದು ಹೀಗೆ, ಕಲ್ಯಾಣವಸಂತ ರಾಗದ ದಾರಿಯಿಂದ. ಸಣ್ಣತ್ತೆ ಹಲಸಂದೆ ಕಾಯಿ ಸುಲಿಯುತ್ತ ಪೂರ್ತಿ ಕೇಳಿ, “ಇಷ್ಟುದ್ದ ಊದ್ತಾನಲ್ಲ, ಹೊಟ್ಟೆಗೆ ಏನು ತಿಂದು ಬರ್ತಾನೋ” ಅಂದರು. ನಮ್ಮ ವಂಶದಲ್ಲಿ ಸಂಗೀತ ವಿಮರ್ಶೆ ಸುತ್ತಿ ಸುತ್ತಿ ಹೊಟ್ಟೆಗೇ ಬರುತ್ತದೆ.

ಹೋದ ಬೇಸಿಗೆಯಲ್ಲಿ ಸಣ್ಣತ್ತೆ ರಾಯದುರ್ಗದ ನಮ್ಮ ಮನೆಗೆ ಬಂದಿದ್ದರು. ಬೆಂಗಳೂರಿಂದ ಬಂದ ಮಗ ರಾತ್ರಿ ಊಟವಾದ ಮೇಲೆ ‘ವಿಪ್‌ಲ್ಯಾಶ್’ ಹಾಕಿದ. ಜಾಝ್ ಡ್ರಮ್ಮು ಕಲಿಯುವ ಹುಡುಗ, ಅವನನ್ನು ಹಿಂಡುವ ಮೇಷ್ಟ್ರು, ಇಷ್ಟೇ ಕಥೆ. ಡೇಮಿಯನ್ ಶಜೆಲ್ ಎಂಬ ಹುಡುಗ ನಿರ್ದೇಶಕ ದುಡ್ಡು ಹುಟ್ಟದೆ ಮೊದಲು ಅದನ್ನೇ ಕಿರುಚಿತ್ರವಾಗಿ ಮಾಡಿ ತೋರಿಸಿ, ಆಮೇಲೆ 33 ಲಕ್ಷ ಡಾಲರಿನಲ್ಲಿ, 19 ದಿನದ ಶೂಟಿಂಗಿನಲ್ಲಿ ಮುಗಿಸಿದ ಸಿನಿಮಾ. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. 2014ರಲ್ಲಿ ಬಂದು ಮೂರು ಆಸ್ಕರ್ ತೆಗೆದುಕೊಂಡಿತು. ಡ್ರಮ್ಮಿನ ಪಿಕ್ಚರು ಅಂತ ಕೇಳಿ ನಮ್ಮ ಓಣಿಯ ಬ್ಯಾಂಡ್‌ಸೆಟ್ ಅಣ್ಣನೂ ಬಂದು ಕೂತ. ಅವನು ಮದುವೆ ಮೆರವಣಿಗೆಗೆ ಸೈಡ್ ಡ್ರಮ್, ಜಾತ್ರೆಗೆ ತಮಟೆ, ಎರಡೂ ಬಾರಿಸುವವನು. ಉಳಿದ ದಿನ ಜೀನ್ಸ್ ಗಾರ್ಮೆಂಟ್ಸಿನಲ್ಲಿ ಪ್ಯಾಂಟು ಹೊಲಿಯುತ್ತಾನೆ. ರಾಯದುರ್ಗದಲ್ಲಿ ಈಗ ಮಗ್ಗದ ಸದ್ದಿಗಿಂತ ಅದರದೇ ಸದ್ದು ಹೆಚ್ಚು.

ಮೊದಲ ಮಾತು ಸಣ್ಣತ್ತೆಯಿಂದಲೇ ಬಂತು. ಶುರುವಿನಲ್ಲಿ ಅಪ್ಪ ಮಗ ಸಿನಿಮಾಕ್ಕೆ ಹೋಗುತ್ತಾರೆ. ಅಪ್ಪ ಪಾಪ್‌ಕಾರ್ನ್ ಡಬ್ಬಿಗೆ ಚಾಕಲೇಟು ಮೆತ್ತಿದ ಒಣದ್ರಾಕ್ಷಿ ಸುರಿಯುತ್ತಾನೆ. ಮಗನಿಗೆ ಅದು ಸೇರುವುದಿಲ್ಲ, ಬದಿಗೆ ಸರಿಸಿಕೊಂಡು ಉಳಿದದ್ದನ್ನು ತಿನ್ನುತ್ತಾನೆ. “ತಾಯಿ ಇಲ್ಲದ ಮನೆ” ಅಂದರು ಅತ್ತೆ. ಹೌದು, ಆ ಹುಡುಗನ ತಾಯಿ ಅವನನ್ನು ಬಿಟ್ಟು ಹೋದವಳು. ಅದು ಇನ್ನೂ ತೆರೆಯ ಮೇಲೆ ಬಂದಿರಲಿಲ್ಲ.

ಬ್ಯಾಂಡ್‌ಸೆಟ್ ಅಣ್ಣ ಮಾತಾಡಿದ್ದು ರಕ್ತ ಬಂದಾಗ. ಹುಡುಗ ಬಾರಿಸಿ ಬಾರಿಸಿ ಕೈ ಹರಿದು, ರಕ್ತ ಡ್ರಮ್ಮಿನ ಮೇಲೆ ಹನಿಯುತ್ತದೆ. ಐಸು ನೀರಿನ ಜಗ್ಗಿನಲ್ಲಿ ಮುಷ್ಟಿ ಅದ್ದುತ್ತಾನೆ, ನೀರು ಕೆಂಪಾಗುತ್ತದೆ. ನನ್ನ ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಣ್ಣ ಬೇಸರದಿಂದ ತಲೆ ಅಲ್ಲಾಡಿಸಿದ. “ಹಿಡಿಕೆ ತಪ್ಪೈತೆ. ಕೋಲು ಬಿಗಿ ಹಿಡಿದ್ರೆ ತೊಗಲು ಕೀಳ್ತದೆ. ಇಷ್ಟು ದೊಡ್ಡ ಮೇಷ್ಟ್ರು ಅದನ್ನ ಹೇಳಿಕೊಡಬಾರದಾ?” ಎದ್ದು ಹೋಗಿ ಅಡುಗೆಮನೆಯಿಂದ ಎರಡು ಸೌಟು ತಂದು, ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ತೋರಿಸಿದ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿ ಸುಮ್ಮನೆ ಕೂತಿತ್ತು. ಉಳಿದ ಮೂರು ಬೆರಳು ತಟ್ಟಿಯೂ ತಟ್ಟದ ಹಾಗೆ ಹಿಂದಿನಿಂದ ಹಿಡಿಯನ್ನು ಮುಟ್ಟುತ್ತಿದ್ದವು. ಸೌಟು ತಟ್ಟೆಗೆ ಬಿದ್ದು ತಾನೇ ಎಗರುತ್ತಿತ್ತು, ಅವನು ಮತ್ತೆ ಬೀಳಲು ಬಿಡುತ್ತಿದ್ದ ಅಷ್ಟೆ. ತಮಟೆಗೆ ಒಂದು ಕೈಲಿ ಗಿಡ್ಡ ದಪ್ಪ ಕೋಲು, ಇನ್ನೊಂದು ಕೈಲಿ ಉದ್ದನೆಯ ತೆಳು ಕಡ್ಡಿ, ಎರಡಕ್ಕೂ ಹಿಡಿತ ಬೇರೆ ಬೇರೆ ಅಂದ. ತಮಟೆಯನ್ನು ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು, ತೊಗಲು ಬಿಗಿಯಾಗಬೇಕು. ಬಿಗಿ ತಮಟೆಯಲ್ಲಿರಬೇಕು, ಕೈಯಲ್ಲಿರಬಾರದು ಎಂದು ಅವನಿಗೆ ಕಲಿಸಿದವನು ಸೋದರಮಾವ. ಹೊಡೆದು ಕಲಿಸಿದನೋ ಎಂದು ನನ್ನ ಮಗ ಕೇಳಿದ. “ಇಲ್ಲಪ್ಪ, ಮುಂದೆ ಕೂರಿಸ್ಕಂಡು ನನ್ನ ಬೆನ್ನ ಮ್ಯಾಲೆ ಬಾರಿಸ್ತಿದ್ದ. ಬೆನ್ನಿಗೆ ಗೊತ್ತಾದದ್ದು ಕೈಗೆ ಬರ್ತದೆ.”

ಸಿನಿಮಾದ ಮೇಷ್ಟ್ರು ತನ್ನ ಕ್ರೌರ್ಯಕ್ಕೆ ಒಂದು ಹಳೆಯ ಕಥೆಯ ಆಸರೆ ಪಡೆಯುತ್ತಾನೆ. ಚಾರ್ಲಿ ಪಾರ್ಕರ್ ಹುಡುಗನಾಗಿದ್ದಾಗ ತಪ್ಪು ನುಡಿಸಿದ್ದಕ್ಕೆ ಡ್ರಮ್ಮರ್ ಜೋ ಜೋನ್ಸ್ ತಾಳವನ್ನು ಅವನ ತಲೆಗೆ ಗುರಿಯಿಟ್ಟು ಎಸೆದ, ಆ ಅವಮಾನದಿಂದಲೇ ಪಾರ್ಕರ್ ಮಹಾ ವಾದಕನಾದ ಎಂಬ ಕಥೆ. ಅಲ್ಲಿದ್ದವರು ಹೇಳಿದ ಪ್ರಕಾರ ತಾಳ ಬಿದ್ದದ್ದು ನೆಲಕ್ಕೆ, ಕಾಲ ಬಳಿ, ಇನ್ನು ಸಾಕು ಇಳಿ ಎಂಬ ಸೂಚನೆಯಾಗಿ. ನೆಲಕ್ಕೆ ಬಿದ್ದದ್ದನ್ನು ತಲೆಗೆ ಏರಿಸಿ ಗುರುಭಕ್ತಿಯ ಕಥೆ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಸಂಗೀತದಲ್ಲೂ ಇಂಥ ಕಥೆಗಳಿಗೆ ಕೊರತೆಯಿಲ್ಲ, ಅವನ್ನು ಕೇಳಿ ಮೈ ಜುಮ್ಮೆನ್ನಿಸಿಕೊಳ್ಳುವವರಿಗೂ ಇಲ್ಲ. ನನಗೆ ಇವು ಒಂದೂ ಇಷ್ಟವಿಲ್ಲ. ಬೆನ್ನ ಮೇಲೆ ತಾಳ ಹಾಕಿ ಕಲಿಸಿದ ಆ ಸೋದರಮಾವನ ಬಗ್ಗೆ ಯಾರೂ ಸಿನಿಮಾ ತೆಗೆದಿಲ್ಲ. ತೆಗೆಯಬೇಕು.

ಕೊನೆಯ ಕಛೇರಿ ಬಂತು. ಹುಡುಗ ಮೇಷ್ಟ್ರ ಮಾತು ಮೀರಿ ‘ಕಾರವಾನ್’ ಎತ್ತಿಕೊಳ್ಳುತ್ತಾನೆ, ನಿಲ್ಲಿಸುವುದೇ ಇಲ್ಲ. ಅಣ್ಣನ ಬೆರಳು ತೊಡೆಯ ಮೇಲೆ ಓಡುತ್ತಿದ್ದವು. “ಈಗ ಬಿಟ್ಟ ನೋಡು ಕೈ, ಈಗ ಬಂತು!” ಎಂದು ಎದ್ದು ನಿಂತ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಅಪ್ಪನ ಮುಖ ಒಂದು ಗಳಿಗೆ ಕಾಣಿಸಿ ಹೋಯಿತು. ಸಿನಿಮಾ ಮುಗಿದು ತೆರೆ ಕಪ್ಪಾದಾಗ ಅಣ್ಣ, “ಗೆದ್ದ ಹುಡುಗ” ಅಂದ. ಸಣ್ಣತ್ತೆ, “ಯಾರು ಗೆದ್ದದ್ದು? ಅವರಪ್ಪನ ಮುಖ ನೋಡಲಿಲ್ವಾ ನೀನು?” ಅಂದರು.

ಮಗ ಹಿಂದಕ್ಕೆ ಓಡಿಸಿ ಆ ಮುಖದ ಮೇಲೆ ನಿಲ್ಲಿಸಿದ. ಬಾಯಿ ತುಸು ತೆರೆದಿದೆ, ಕಣ್ಣು ಅಲ್ಲಾಡುತ್ತಿಲ್ಲ. ಅಣ್ಣನಿಗೆ ಅದು ಹೆಮ್ಮೆ. ಮಗ ತನ್ನ ಕೈಗೆ ಸಿಗದಷ್ಟು ದೊಡ್ಡವನಾದ ಎಂಬ ಬೆರಗು. ಅತ್ತೆಗೆ ಅದು ಭಯ. “ಇವನು ಇನ್ನು ಮನೆಗೆ ಬರಲ್ಲ ಅಂತ ಗೊತ್ತಾಗೈತೆ ಆಯಪ್ಪಂಗೆ” ಅಂದರು. ಮಾತು ಬೆಳೆಯಿತು. ನನ್ನ ಹೆಂಡತಿ ಮಜ್ಜಿಗೆ ತಂದುಕೊಟ್ಟು ಅತ್ತೆಯ ಪಕ್ಷ ಸೇರಿದಳು. ಮಗ ಅಣ್ಣನ ಕಡೆ. ಮಗ್ಗದ ಮಾವ ಇದ್ದಿದ್ದರೆ ಅಪ್ಪನಾದವನೇ ಆ ಸಿನಿಮಾದ ವಕೀಲ ಅನ್ನುತ್ತಿದ್ದರು ಎಂದು ನನಗನ್ನಿಸಿತು. ನಾನು ಅತ್ತೆಯ ಜೊತೆಯೇ ನಿಂತೆ. ಅದಕ್ಕೆ ಆಧಾರವನ್ನೂ ಕೊಟ್ಟೆ: ಈ ಹುಡುಗ ಮುಂದೆ ಒಳಗೆಲ್ಲ ಬರಿದಾಗಿ, ಮೂವತ್ತರ ಹರೆಯದಲ್ಲೇ ಮಾದಕ ವಸ್ತುವಿಗೆ ಸಿಕ್ಕಿ ಸಾಯುತ್ತಾನೆ ಎಂದೇ ತಾನು ಅಂದುಕೊಂಡಿರುವುದಾಗಿ ನಿರ್ದೇಶಕ ಸಂದರ್ಶನದಲ್ಲಿ ಹೇಳಿದ್ದಾನೆ. ಆ ಹುಡುಗ ಪೂಜಿಸುವ ಚಾರ್ಲಿ ಪಾರ್ಕರ್ ಕೂಡ 1955ರಲ್ಲಿ, 34ನೇ ವಯಸ್ಸಿಗೆ ಹೋದವನು. ಅತ್ತೆ ಇದು ಯಾವುದನ್ನೂ ಓದಿದವರಲ್ಲ. ಬಾಗಿಲ ಸಂದಿಯ ಆ ಅರೆಗಳಿಗೆಯಲ್ಲಿ ಅಷ್ಟನ್ನೂ ನೋಡಿದ್ದರು.

ಅಣ್ಣ ಒಪ್ಪಲಿಲ್ಲ. “ಡೈರೆಕ್ಟರ್ ಹೇಳಿದ್ರೆ ಆಯ್ತಾ? ಅವನು ಯಾವತ್ತಾದ್ರೂ ಕೋಲು ಹಿಡಿದಾನಾ?”

ಹಿಡಿದಿದ್ದಾನೆ ಎಂದೆ. ಹೈಸ್ಕೂಲಿನಲ್ಲಿದ್ದಾಗ ಶಾಲೆಯ ಜಾಝ್ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು ಅವನು. ಮೇಷ್ಟ್ರ ಹೆದರಿಕೆ ಏನೆಂದು ಅಲ್ಲೇ ಕಂಡವನು.

ಅಣ್ಣ ತಟ್ಟೆಯ ಮೇಲಿದ್ದ ಸೌಟನ್ನು ಮತ್ತೆ ಕೈಗೆ ತೆಗೆದುಕೊಂಡ. “ಹೌದಾ? ಹಂಗಾದ್ರೆ ಕೊನೇದು ಇನ್ನೊಂದ್ಸಲ ಹಾಕಪ್ಪ. ನೋಡಾನ.”